ಸಾರಿನ ಪಾತ್ರೆಯಲ್ಲಿ ಚರಿತ್ರೆ



ಮಳೆಗಾಲದ ಒಂದು ಸಂಜೆ. ಮನೆಯಲ್ಲಿ ಯಾರಿಗೋ ನೆಗಡಿ, ಮೈ ಬಿಸಿ. ತರಕಾರಿ ಬುಟ್ಟಿ ಬರಿದಾಗಿದೆ, ಅಂಗಡಿಗೆ ಹೋಗುವಂತಿಲ್ಲ. ಆಗ ಅಡುಗೆಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ನೆಲ್ಲಿಕಾಯಿ ಗಾತ್ರದ ಹುಣಿಸೆಹಣ್ಣನ್ನು ನೀರಿನಲ್ಲಿ ನೆನೆಹಾಕುತ್ತಾರೆ. ಒಂದಿಷ್ಟು ಮೆಣಸು, ಅಷ್ಟೇ ಜೀರಿಗೆಯನ್ನು ಕುಟ್ಟಿ ಪುಡಿ ಮಾಡುತ್ತಾರೆ. ಉಪ್ಪು, ಚೂರು ಬೆಲ್ಲ ಹಾಕಿ ಕುದಿಸಿ, ಕೊನೆಗೆ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಬಿಸಿ ಅನ್ನಕ್ಕೆ ಮೆಣಸಿನ ಸಾರು ಸಿದ್ಧ. ಇದಕ್ಕೆ ಪುಸ್ತಕ ಬೇಕಿಲ್ಲ, ತಕ್ಕಡಿಯೂ ಬೇಕಿಲ್ಲ. ಮನೆಯಲ್ಲಿ ಇದ್ದುದರಲ್ಲೇ ಆದ ಅಡುಗೆ ಇದು.

ಚರಿತ್ರೆ ಎಂದೊಡನೆ ನಮಗೆ ರಾಜರು, ಯುದ್ಧಗಳು, ಶಾಸನಗಳು ನೆನಪಾಗುತ್ತವೆ. ಆದರೆ ಸಾರಿನ ಈ ಪಾತ್ರೆಯಲ್ಲಿಯೂ ಚರಿತ್ರೆ ಇದೆ. ಅದನ್ನು ಓದುವುದು ಹೇಗೆ ಎಂದು ನೋಡೋಣ.

ಅಡುಗೆಯ ಬಗ್ಗೆ ಬರೆದಿಡುವ ಪದ್ಧತಿ ಕರ್ನಾಟಕದಲ್ಲಿ ಹಳೆಯದು. 1025ರಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆಗೂ ಸ್ಥಾನವಿದೆ. ಸುಮಾರು 1130ರ ಹೊತ್ತಿಗೆ ಅದೇ ವಂಶದ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ ಅರಮನೆಯ ಊಟವನ್ನು ವಿಸ್ತಾರವಾಗಿ ವರ್ಣಿಸುತ್ತದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ ಎಂಬ ಹೆಸರಿನಲ್ಲಿ ಕನ್ನಡ ಪದ್ಯಗಳಲ್ಲಿಯೇ ಪಾಕಗ್ರಂಥವೊಂದನ್ನು ರಚಿಸಿದನು.

ಚಾವುಂಡರಾಯನ ಕಾಲದ ಅಡುಗೆಮನೆಯಲ್ಲಿ ಒಂದು ಪದಾರ್ಥ ಇರಲು ಸಾಧ್ಯವೇ ಇರಲಿಲ್ಲ. ಅದೇ ಇಂದು ನಾವು ದಿನವೂ ಬಳಸುವ ಮೆಣಸಿನಕಾಯಿ. ಅದರ ತವರು ಅಮೆರಿಕಾ ಖಂಡ. ಕೊಲಂಬಸನು 1492ರಲ್ಲಿ ಅತ್ತ ಹೋದ ಮೇಲಷ್ಟೇ ಅದು ಬೇರೆ ಖಂಡಗಳಿಗೆ ಹರಡಿತು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಬಂದಿಳಿದನು; 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಅವರ ಹಡಗುಗಳೊಂದಿಗೆ ಆ ಶತಮಾನದಲ್ಲಿ ಮೆಣಸಿನಕಾಯಿ ನಮ್ಮ ಕರಾವಳಿಗೆ ಬಂದಿತು.

ಇದಕ್ಕೆ ನಮ್ಮ ಭಾಷೆಯೇ ಸಾಕ್ಷಿ. ಖಾರವೆಂದರೆ ನಮ್ಮವರಿಗೆ ಗೊತ್ತಿದ್ದುದು ಮೆಣಸು. ಹೊಸ ಕಾಯಿಯೂ ಖಾರವಾಗಿದ್ದುದರಿಂದ ಅದನ್ನು ‘ಮೆಣಸಿನಕಾಯಿ’ ಎಂದು ಕರೆದರು. ತಮಿಳಿನಲ್ಲಿಯೂ ಹೀಗೆಯೇ ‘ಮಿಳಗು’ ಇದ್ದುದರಿಂದ ‘ಮಿಳಗಾಯ್’ ಹುಟ್ಟಿತು. ಕ್ರಮೇಣ ಹೊಸಬನೇ ಮನೆಯ ಯಜಮಾನನಾದನು. ಇಂದು ದಕ್ಷಿಣ ಕನ್ನಡದಲ್ಲಿ ಬರಿಯ ‘ಮೆಣಸು’ ಎಂದರೆ ಮೆಣಸಿನಕಾಯಿ; ಹಳೆಯ ಮೆಣಸು ತನ್ನನ್ನು ‘ಒಳ್ಳೆಮೆಣಸು’ ಎಂದು ಬೇರೆಯಾಗಿ ಹೇಳಿಕೊಳ್ಳಬೇಕಾಗಿದೆ!

ಹೊಸ ಕಾಯಿ ಗೆದ್ದುದು ಏಕೆ? ಮೆಣಸಿನ ಬಳ್ಳಿಗೆ ಪಶ್ಚಿಮಘಟ್ಟದ ಮಳೆ, ನೆರಳು ಬೇಕು. ಅದು ದೂರದೇಶಗಳಿಗೆ ಮಾರಾಟವಾಗುವ ಬೆಲೆಯ ಸರಕು. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಮೆಣಸಿನಕಾಯಿಯಾದರೋ ಬಯಲುಸೀಮೆಯ ಹೊಲದಲ್ಲಿ, ಬಡವರ ಹಿತ್ತಲಿನಲ್ಲಿ ಕೆಲವೇ ತಿಂಗಳಲ್ಲಿ ಫಲ ಕೊಡುತ್ತದೆ. ಒಣಗಿಸಿಟ್ಟರೆ ವರ್ಷವಿಡೀ ಬರುತ್ತದೆ. ಹೀಗೆ ಖಾರ ಎಲ್ಲರ ಕೈಗೆಟುಕಿತು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯನ್ನು ಇಂದು ಹೊರಗಿನದು ಎಂದು ಯಾರೂ ಹೇಳಲಾರರು.

ಟೊಮೇಟೊ ಕೂಡ ಅಮೆರಿಕಾ ಮೂಲದ್ದೇ. ಅದು ನಮ್ಮ ಸಾರಿಗೆ ಬಿದ್ದುದು ಇನ್ನೂ ತಡವಾಗಿ. ಹಿರಿಯರು ಅದನ್ನು ‘ಚಪ್ಪರಬದನೆ’ ಎಂದು ಕರೆಯುತ್ತಿದ್ದರು. ಗೊತ್ತಿದ್ದ ಬದನೆಯ ಹೆಸರನ್ನೇ ಹೊಸ ಹಣ್ಣಿಗೆ ಕೊಟ್ಟರು. ಸಸ್ಯಶಾಸ್ತ್ರವೂ ಇವೆರಡನ್ನು ಒಂದೇ ಕುಟುಂಬಕ್ಕೆ ಸೇರಿಸುತ್ತದೆ. ಅನೇಕ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಇಂದಿಗೂ ಮೆಣಸಿನಕಾಯಿ, ಟೊಮೇಟೊ, ಆಲೂಗೆಡ್ಡೆ ಬಳಸುವುದಿಲ್ಲ, ಖಾರಕ್ಕೆ ಮೆಣಸೇ. ಹಿರಿಯರ ಹೆಸರಿನ ಆ ಊಟದಲ್ಲಿ ಹಳೆಯ ಅಡುಗೆಮನೆ ಉಳಿದುಕೊಂಡಿದೆ.

ಈಗ ನಮ್ಮ ಮಳೆಗಾಲದ ಸಾರಿಗೆ ಮರಳೋಣ. ಹುಣಿಸೆ, ಮೆಣಸು, ಜೀರಿಗೆ, ಬೆಲ್ಲ, ಸಾಸಿವೆ, ಇಂಗು, ಕರಿಬೇವು: ಇವೆಲ್ಲವೂ 1492ಕ್ಕಿಂತ ಮೊದಲೇ ನಮ್ಮಲ್ಲಿ ಬಳಕೆಯಲ್ಲಿದ್ದವು. ಇಂಗಂತೂ ಇರಾನ್, ಅಫ್ಘಾನಿಸ್ತಾನಗಳ ಕಡೆಯಿಂದ ವ್ಯಾಪಾರಿಗಳ ಮೂಲಕ ಬರುತ್ತಿದ್ದ ಪದಾರ್ಥ. ಮನೆಯಲ್ಲಿ ಏನೂ ಇಲ್ಲದಾಗ ನಾವು ಮಾಡಿಕೊಳ್ಳುವ ಸಾರೇ ನಮ್ಮ ಊಟದಲ್ಲಿ ಅತ್ಯಂತ ಹಳೆಯ ರುಚಿಗಳಲ್ಲಿ ಒಂದನ್ನು ಉಳಿಸಿಕೊಂಡಿದೆ.

ಇದ್ದುದರಲ್ಲೇ ಅಡುಗೆ ಮಾಡುವ ಈ ಜಾಣ್ಮೆಗೆ ಬೇರೆ ಉದಾಹರಣೆಗಳೂ ಇವೆ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಿಂದ ಬಸ್ಸಾರು. ಉಳಿದ ಸೊಪ್ಪು ಕಾಳಿನಿಂದ ಪಲ್ಯ. ಒಂದು ಸೌದೆ, ಒಂದು ಪಾತ್ರೆ, ಎರಡು ಅಡುಗೆ. ದುಡಿಯುವ ಎತ್ತಿಗೆ ಬೇಯಿಸಿದ ಹುರುಳಿಯ ಕಟ್ಟು ಮನೆಯವರ ಮುದ್ದೆಗೆ ಸಾರಾಯಿತು. ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟಿನಿಂದ ಹಬ್ಬದ ಸಾರು. ಮಲೆನಾಡಿನಲ್ಲಿ ಹಿತ್ತಲಿನ ನಾಲ್ಕು ಎಲೆ, ಜೀರಿಗೆ, ಮಜ್ಜಿಗೆ ಸೇರಿ ತಂಬುಳಿ. ಒಗ್ಗರಣೆಯೂ ಇಂಥದೇ ಉಪಾಯ. ಮಸಾಲೆಯ ಪರಿಮಳ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದಲೇ ಒಂದೇ ಚಮಚ ಎಣ್ಣೆ ಇಡೀ ಪಾತ್ರೆಗೆ ಸುವಾಸನೆ ಕೊಡಬಲ್ಲದು.

ಇದನ್ನೆಲ್ಲ ಬರಿಯ ಸೊಗಸಿನ ಕತೆಯೆಂದು ತಿಳಿಯಬಾರದು. ಜಾಣ್ಮೆಯ ಹಿಂದೆ ಬಹಳ ಸಲ ಕೊರತೆ ಇತ್ತು. 1876ರಿಂದ 1878ರ ಮಹಾಕ್ಷಾಮವನ್ನು ನೆನೆಯಿರಿ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕಾಳೇ ಇಲ್ಲದ ಮನೆಯಲ್ಲಿ ಯಾವ ಕೈಚಳಕವೂ ನಡೆಯದು. ಒಂದು ಹಿಡಿ ಕಾಳನ್ನು ಎರಡು ಹೊತ್ತಿಗೆ ಹಂಚಲು ಕಲಿತವರು, ಹಸಿವನ್ನು ಹತ್ತಿರದಿಂದ ಕಂಡವರು.

ಪಾಕಶಾಸ್ತ್ರ ಬರೆದ ದೊರೆಯ ಹೆಸರು, ಕವಿಯ ಹೆಸರು ನಮಗೆ ಗೊತ್ತು. ಬಸ್ಸಾರನ್ನು ಮೊದಲು ಮಾಡಿದ ಹೆಂಗಸಿನ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಆಕೆಯ ವಿದ್ಯೆ ಕಣ್ಣಂದಾಜು, ಕೈಯಳತೆಗಳಲ್ಲಿ ತಾಯಿಯಿಂದ ಮಗಳಿಗೆ ದಾಟಿ ಬಂದಿತು. ಕಲಿಯುವವರು ಇಲ್ಲದಿದ್ದರೆ ಅದು ಒಂದೇ ತಲೆಮಾರಿನಲ್ಲಿ ಅಳಿದು ಹೋಗಬಹುದು.

ಆದ್ದರಿಂದ ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಅಥವಾ ನೆರೆಮನೆಯ ಹಿರಿಯರೊಬ್ಬರನ್ನು ಕೇಳಿ: ಏನೂ ಇಲ್ಲದ ದಿನ ಏನು ಅಡುಗೆ ಮಾಡುತ್ತಿದ್ದಿರಿ? ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ, ಊರಿನ ಹೆಸರು ಮತ್ತು ಕಾಲದೊಡನೆ ಬರೆದಿಡಿ. ಆಮೇಲೆ ಅವರ ಪಕ್ಕದಲ್ಲಿ ನಿಂತು, ಹುಡುಗರೂ ಹುಡುಗಿಯರೂ, ಅದನ್ನು ಮಾಡಿ ನೋಡಿ. ಆ ಹಾಳೆಯೂ ಚರಿತ್ರೆಯ ಒಂದು ದಾಖಲೆಯೇ.