ನೇಂದ್ರದ ಊರು ಯಾವುದು?

ಮಂಗಳೂರಿನ ಹಣ್ಣಿನಂಗಡಿಯಲ್ಲಿ ನೇಂದ್ರ ಎಲ್ಲಿಯದು ಎಂದು ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ ‘ಕೇರಳದ್ದು’. ಚಿಪ್ಸ್ ಪ್ಯಾಕೆಟಿನ ಮೇಲೂ ಅದೇ ಹೆಸರು. ಇಫ್ತಾರಿನ ಪೋಡಿಯಿಂದ ಹಿಡಿದು ಮಗುವಿಗೆ ಬೇಯಿಸಿ ಕೊಡುವ ಹಣ್ಣಿನವರೆಗೆ ನಮ್ಮ ಮನೆಗಳಲ್ಲಿ ನೇಂದ್ರಕ್ಕೆ ದೊಡ್ಡ ಸ್ಥಾನವಿದೆ. ಆದರೆ ಕೇರಳದವರು ತಿನ್ನುವ, ಹುರಿಯುವ ನೇಂದ್ರದಲ್ಲಿ ಒಳ್ಳೆಯ ಪಾಲು ಬೆಳೆಯುವುದು ತಮಿಳುನಾಡಿನಲ್ಲಿ. ಕೊಯಮತ್ತೂರು ಜಿಲ್ಲೆಯ ಮೆಟ್ಟುಪಾಳ್ಯಂ, ಸಿರುಮುಗೈ ಕಡೆಯ ಭವಾನಿ ನದಿ ದಂಡೆಯ ತೋಟಗಳು ಇದಕ್ಕೆ ಹೆಸರಾದವು. ಹಣ್ಣಿಗೆ ಒಂದೂರಿನ ಹೆಸರು, ಬೆವರು ಇನ್ನೊಂದೂರಿನದು. ಬಾಳೆಯ ಚರಿತ್ರೆ ಓದುತ್ತಾ ಹೋದಂತೆ, ಇದು ಇಂದು ನಿನ್ನೆಯ ಕಥೆಯಲ್ಲ ಎಂದು ನನಗೆ ತಿಳಿಯಿತು.

ಬಾಳೆಯ ಹುಟ್ಟೂರು ಆಗ್ನೇಯ ಏಷ್ಯಾ ಮತ್ತು ನ್ಯೂಗಿನಿ. ಪಾಪುವಾ ನ್ಯೂಗಿನಿಯ ಕುಕ್ ಎಂಬ ಜೌಗು ನೆಲದಲ್ಲಿ ಸುಮಾರು 7,000 ವರ್ಷಗಳ ಹಿಂದೆಯೇ ಬಾಳೆ ಬೆಳೆಸಿದ ಕುರುಹು ಸಿಕ್ಕಿದೆ. ಕಾಡುಬಾಳೆಯಲ್ಲಿ ಕಲ್ಲಿನಂಥ ಬೀಜಗಳಿರುತ್ತವೆ. ನಾವು ತಿನ್ನುವುದರಲ್ಲಿ ಬೀಜವಿಲ್ಲ. ಹಾಗಾಗಿ ಅದು ತಾನಾಗಿ ದೂರ ಹೋಗಲಾರದು, ಮನುಷ್ಯರು ಕಂದು ಕಿತ್ತು ಒಯ್ದಲ್ಲಿಗೇ ಹೋಗಿದೆ.

ಹಾಗೆ ಒಯ್ದವರಲ್ಲಿ ಅರಬ್ ವ್ಯಾಪಾರಿಗಳೂ ಇದ್ದರು. ಸಸ್ಯಶಾಸ್ತ್ರದಲ್ಲಿ ಬಾಳೆಗಿರುವ ‘ಮೂಸಾ’ ಎಂಬ ಹೆಸರು ಅರಬಿಯ ‘ಮೌಝ್’ನಿಂದ ಬಂತೆಂದು ಹೆಚ್ಚಿನವರ ಅಭಿಪ್ರಾಯ. ಸೂರಾ ಅಲ್ ವಾಕಿಅದ ಸ್ವರ್ಗ ವರ್ಣನೆಯಲ್ಲಿ ಬರುವ ‘ತಲ್ಹ್’ ಬಾಳೆಯೇ ಎಂದು ಅನೇಕ ವ್ಯಾಖ್ಯಾನಕಾರರು ಹೇಳಿದ್ದಾರೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಇಲ್ಲಿ ಮುಸ್ಲಿಮರ ದೊಡ್ಡ ನೆಲೆಯನ್ನೇ ಕಂಡಿದ್ದ. ನಮ್ಮ ‘ಬ್ಯಾರಿ’ ಎಂಬ ಹೆಸರೂ ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರದಿಂದ ಬಂತೆಂದು ಹಿರಿಯರು ಹೇಳುವುದನ್ನು ಎಲ್ಲರೂ ಕೇಳಿದ್ದೇವೆ.

ಕೊಯಮತ್ತೂರು ಕೂಡ ನಮಗೆ ಅಷ್ಟೇನೂ ದೂರದ್ದಲ್ಲ. ಟಿಪ್ಪುವಿನ ಕಾಲದಲ್ಲಿ ಮಂಗಳೂರೂ ಕೊಯಮತ್ತೂರೂ ಮೈಸೂರಿನ ಆಳ್ವಿಕೆಯಲ್ಲಿದ್ದವು. 1799ರಲ್ಲಿ ಎರಡೂ ಕಂಪನಿಯ ಕೈಸೇರಿದವು. 1956ರವರೆಗೆ ಎರಡಕ್ಕೂ ಮದರಾಸೇ ರಾಜಧಾನಿ. ಇಂದು ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ ಅಲ್ಲಿಯವರೆಗೆ ಕೊಯಮತ್ತೂರು ಜಿಲ್ಲೆಯ ತಾಲೂಕಾಗಿತ್ತು. ದೇವಾಂಗ ನೇಕಾರರು, ಒಕ್ಕಲಿಗರು ಸೇರಿದಂತೆ ಕನ್ನಡ ಮನೆಮಾತಿನವರು ಇಂದಿಗೂ ಆ ಭಾಗದಲ್ಲಿದ್ದಾರೆ.

ಆ ಒಳನಾಡನ್ನು ಕರಾವಳಿಗೆ ಜೋಡಿಸಿದ್ದು ಪಶ್ಚಿಮ ಘಟ್ಟದ ಸಾಲು ತೆರೆದುಕೊಳ್ಳುವ ಪಾಲಕ್ಕಾಡಿನ ಕಣಿವೆ. ಮದರಾಸಿನಿಂದ ಹೊರಟ ರೈಲು ಈ ದಾರಿಯಲ್ಲೇ 1862ರಲ್ಲಿ ಬೇಪೂರಿನ ಕಡಲು ಮುಟ್ಟಿತು. 1873ರಲ್ಲಿ ಮೆಟ್ಟುಪಾಳ್ಯಂಗೆ, 1907ರಲ್ಲಿ ಮಂಗಳೂರಿಗೆ ಹಳಿ ಬಂತು. ಇಂದು ಲಾರಿಗಳಲ್ಲಿ ಬಾಳೆಗೊನೆಗಳು ಪಡುವಣಕ್ಕೆ ಇಳಿಯುವುದೂ ಅದೇ ಕಣಿವೆಯಲ್ಲಿ.

ಕೊಯಮತ್ತೂರು, ಮತ್ತು 2009ರಲ್ಲಿ ಬೇರೆ ಜಿಲ್ಲೆಯಾದ ತಿರುಪ್ಪೂರು, ಘಟ್ಟದ ಮಳೆನೆರಳಿನ ಒಣನಾಡು. ಬಾಳೆಗೋ ವರ್ಷವಿಡೀ ನೀರು ಬೇಕು. ಒಂದು ಕಡೆ ಭವಾನಿ, ಉಡುಮಲೈಪೇಟೆ ಕಡೆ ಅಮರಾವತಿ ಅಣೆಕಟ್ಟು ಮತ್ತು ಪರಂಬಿಕುಳಂ–ಆಳಿಯಾರ್ ಕಾಲುವೆಗಳು, ಉಳಿದಲ್ಲಿ ಬಾವಿ, ಕೊಳವೆಬಾವಿ ಇರುವುದರಿಂದ ಅಲ್ಲಿ ಬೇಸಾಯ ನಡೆಯುತ್ತದೆ. ನೇಂದ್ರದ ಗೊನೆ ಕಡಿಯಲು ಹತ್ತು ಹನ್ನೊಂದು ತಿಂಗಳು ಕಾಯಬೇಕು. ಏಪ್ರಿಲ್–ಮೇ ತಿಂಗಳ ಒಂದು ಗಾಳಿಮಳೆಗೆ ಗೊನೆ ಹೊತ್ತ ಗಿಡಗಳು ಸಾಲುಸಾಲಾಗಿ ನೆಲ ಕಚ್ಚುತ್ತವೆ. ಕಾಡಂಚಿನ ತೋಟಗಳಿಗೆ ಆನೆ, ಹಂದಿಗಳ ಕಾಟ ಬೇರೆ. ಇಷ್ಟೆಲ್ಲ ದಾಟಿ ಬಂದ ಗೊನೆಗೆ ಬೆಲೆ ಕಟ್ಟುವುದರಲ್ಲಿ ದೊಡ್ಡ ಪಾತ್ರ ಕೇರಳದ ಪೇಟೆಯದು. ಓಣಂಗೆ ಏರಿದ ಬೆಲೆ ಹಬ್ಬ ಮುಗಿದ ಮೇಲೆ ನಿಲ್ಲುವುದಿಲ್ಲ.

2020ರಲ್ಲಿ ಕೇರಳ ಸರಕಾರ 16 ಬೆಳೆಗಳಿಗೆ ಕನಿಷ್ಠ ಬೆಲೆ ನಿಗದಿ ಮಾಡಿತು. ನೇಂದ್ರಕ್ಕೆ ಕಿಲೋಗೆ 30 ರೂಪಾಯಿ. ಒಳ್ಳೆಯ ಕೆಲಸವೇ. ಆದರೆ ಅದು ಕೇರಳದ ರೈತರಿಗೆ. ಅದೇ ಪೇಟೆಗಾಗಿ ಬೆಳೆಯುವ ಭವಾನಿ ದಂಡೆಯ ರೈತನಿಗೆ ಆ ಆಸರೆ ಇಲ್ಲ. ‘ಕೇರಳದ್ದು’ ಎಂಬ ನಮ್ಮ ಒಂದು ಮಾತಿನಲ್ಲಿ ಅವನು ಕಾಣದೇ ಹೋಗುತ್ತಾನೆ.

ಕೊಳ್ಳುವವರ ಅಭ್ಯಾಸ ತಳಿಯನ್ನೂ ಉಳಿಸುತ್ತದೆ, ಅಳಿಸುತ್ತದೆ. ಒಂದು ಕಾಲದಲ್ಲಿ ಅಮೆರಿಕ, ಯುರೋಪಿನ ಪೇಟೆ ತುಂಬಿದ್ದ ಗ್ರೋ ಮಿಷೆಲ್ ಎಂಬ ಒಂದೇ ತಳಿಯನ್ನು ಪನಾಮ ಸೊರಗು ರೋಗ 1960ರ ಹೊತ್ತಿಗೆ ವ್ಯಾಪಾರದಿಂದಲೇ ಹೊರಗೆ ಹಾಕಿತು. ಅದರ ಜಾಗಕ್ಕೆ ಬಂದದ್ದು ಇಂಗ್ಲೆಂಡಿನ ಒಬ್ಬ ಡ್ಯೂಕನ ಮನೆತನದ ಹೆಸರು ಹೊತ್ತ ಕ್ಯಾವೆಂಡಿಶ್. ಈಗ ಅದನ್ನೂ ಕೊಲ್ಲುವ ಹೊಸ ಬಗೆಯ ಸೊರಗು ರೋಗ ಭಾರತಕ್ಕೆ ಕಾಲಿಟ್ಟಿದೆ. ನಮ್ಮ ನಂಜನಗೂಡು ರಸಬಾಳೆ ಸೊರಗು ರೋಗಕ್ಕೆ ಸಿಕ್ಕಿ ಅಳಿವಿನ ಅಂಚಿಗೆ ಹೋದದ್ದು ಗೊತ್ತೇ ಇದೆ. ಅಂಗಡಿಯಲ್ಲಿ ಒಂದೇ ಬಗೆಯ ಉದ್ದನೆಯ ಹಳದಿ ಹಣ್ಣನ್ನು ಎಲ್ಲರೂ ಕೇಳಿದರೆ ರೈತ ಬೇರೆ ಏನನ್ನು ತಾನೇ ನೆಟ್ಟಾನು?

ಇನ್ನು ಹಣ್ಣು ಮಾಡುವ ವಿಚಾರ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ. ಅದರಲ್ಲಿ ಆರ್ಸೆನಿಕ್, ಫಾಸ್ಫರಸ್‌ನ ಅಂಶ ಇರಬಹುದು. ಅದರ ಬದಲು ಎಥಿಲೀನ್ ಅನಿಲವನ್ನು 100 ಪಿಪಿಎಂ ಮಿತಿಯೊಳಗೆ ಬಳಸಲು ಅನುಮತಿಯಿದೆ. ‘ತೊಟ್ಟು ಹಸಿರು, ಮೈ ಹಳದಿ ಇದ್ದರೆ ಕಾರ್ಬೈಡ್’ ಎಂಬ ಮಾತು ಪೂರ್ತಿ ನಿಜವಲ್ಲ. ಎಥಿಲೀನ್ ಕೋಣೆಯಿಂದ ಬಂದ ಹಣ್ಣೂ ಹಾಗೆಯೇ ಕಾಣಬಹುದು. ಕಣ್ಣಿಗಿಂತ ನಂಬಿಕೆಯ ಅಂಗಡಿಯವನಲ್ಲಿ ಬಾಯಿಬಿಟ್ಟು ಕೇಳುವುದೇ ಮೇಲು.

ನನ್ನ ಉಮ್ಮ ಹಬ್ಬಕ್ಕೆ ಹಣ್ಣು ಬಿಡಿಯಾಗಿ ತರಿಸುತ್ತಿರಲಿಲ್ಲ. ಬಲಿತ ಗೊನೆಯನ್ನೇ ತರಿಸಿ ಅಡುಗೆಮನೆಯ ಮೂಲೆಯಲ್ಲಿ ತೂಗುಹಾಕಿ, ನೆರೆಯ ಎರಡು ಮನೆಗಳಿಗೆ ಚಿಪ್ಪು ಕಡಿದು ಕೊಡುತ್ತಿದ್ದರು. ಇಂದಿಗೂ ಎರಡು ಮೂರು ಮನೆಯವರು ಸೇರಿದರೆ ಇದು ಕಷ್ಟವಲ್ಲ. ಕಾರ್ಬೈಡಿನ ಭಯವಿಲ್ಲ, ತೂಕವೂ ನಮ್ಮ ಕಣ್ಣೆದುರೇ. ಚುಕ್ಕಿ ಬಿದ್ದ ಹಣ್ಣನ್ನು ಬೇಡವೆನ್ನದೆ ಬನ್ಸಿಗೆ ತನ್ನಿ. ವಾರಕ್ಕೊಮ್ಮೆಯಾದರೂ ಕದಳಿ, ಏಲಕ್ಕಿ, ಪೂವನ್ ಹೀಗೆ ತಳಿ ಬದಲಿಸಿ ಕೊಳ್ಳಿ. ತಮಿಳರ ಆ ಪೂವನ್‌ಗೆ ಹೊರದೇಶದ ಪುಸ್ತಕಗಳಲ್ಲಿ ‘ಮೈಸೂರ್’ ಎಂದೇ ಹೆಸರು!

ನಮ್ಮಲ್ಲಿ ಹಣ್ಣಿನ ವ್ಯಾಪಾರ ಮಾಡುವ ಕುಟುಂಬಗಳು ಬಹಳ ಇವೆ. ಅವರಲ್ಲಿ ನನ್ನ ವಿನಂತಿ ಇಷ್ಟೇ: ಗೊನೆ ಯಾವ ಊರಿನದು, ಯಾವ ತಳಿ, ಹೇಗೆ ಹಣ್ಣಾಯಿತು ಎಂದು ಒಂದು ರಟ್ಟಿನ ಮೇಲೆ ಬರೆದು ತೂಗುಹಾಕಿ. ಕೊಳ್ಳುವ ನಾವು ಅದನ್ನು ಓದಿ, ಸಿರುಮುಗೈಯ ಗೊನೆಯನ್ನು ಸಿರುಮುಗೈಯದೆಂದೇ ಕರೆದು, ಚೌಕಾಸಿ ಮಾಡುವಾಗ ಆ ಹತ್ತು ತಿಂಗಳನ್ನು ಒಮ್ಮೆ ನೆನೆಯೋಣ.