ಗಡಿಯ ಎರಡು ಬದಿ

ಶೃಂಗೇರಿಯಿಂದ ಕೆರೆಕಟ್ಟೆಯ ಮಾರ್ಗವಾಗಿ ಕಾರ್ಕಳಕ್ಕೆ ಇಳಿಯುವವರಿಗೆ ‘ಎಸ್.ಕೆ. ಬಾರ್ಡರ್’ ಎಂಬ ಸ್ಥಳ ಪರಿಚಿತ. ‘ಸೌತ್ ಕೆನರಾ’ ಜಿಲ್ಲೆಯ ಗಡಿ ಎಂಬುದೇ ಅದರ ಅರ್ಥ. 1799ರಲ್ಲಿ ಟಿಪ್ಪುವಿನ ಪತನಾನಂತರ ಕಿಗ್ಗ, ಶೃಂಗೇರಿಗಳು ಮೈಸೂರು ಸಂಸ್ಥಾನದಲ್ಲಿ ಉಳಿದವು. ಕಾರ್ಕಳ, ಮೂಡುಬಿದಿರೆಗಳು ಕಂಪೆನಿಯ ವಶವಾಗಿ ಮುಂದೆ ಮದರಾಸು ಪ್ರಾಂತ್ಯದಲ್ಲಿದ್ದವು. ಅದೇ ಮಳೆ, ಅದೇ ಅಡಿಕೆ. 1956ರ ನವೆಂಬರ್ 1ರವರೆಗೆ ಆಡಳಿತ ಮಾತ್ರ ಬೇರೆ.

ಘಟ್ಟದ ಮೇಲೆ ಸರ್ಕಾರವೇ ಉದ್ಯಮಿಯಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, 1923ರಲ್ಲಿ ಭದ್ರಾವತಿಯ ಕಬ್ಬಿಣ ದಿವಾನರ ಆಡಳಿತದ ಫಲಗಳು. ಕೆಳಗೆ ಅಂತಹ ಆಸರೆ ಇರಲಿಲ್ಲ. ಜನರೇ ಬ್ಯಾಂಕುಗಳನ್ನು ಕಟ್ಟಿದರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಅದಕ್ಕೆ ಬುನಾದಿ ಹಾಕಿದರು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ‘ಪಿಗ್ಮಿ’ ಠೇವಣಿಯನ್ನು ಆರಂಭಿಸಿ, ಬಡವರ ಮನೆಬಾಗಿಲಲ್ಲಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸಿತು. ಅದಕ್ಕೆ ಆಧಾರವಾದ ಮೂಲಧನ ವಿಶ್ವಾಸವೇ.

ಒಂದೇ ಜನಾಂಗದ ಮೇಲೆ ಎರಡು ಆಡಳಿತಗಳ ಪರಿಣಾಮವನ್ನು ಇನ್ನೂ ಉಗ್ರವಾಗಿ ತೋರಿದ ದೇಶ ಕೊರಿಯ. 1945ರಲ್ಲಿ 38ನೆಯ ಅಕ್ಷಾಂಶದಲ್ಲಿ ಅದು ಇಬ್ಭಾಗವಾದಾಗ ವಿದ್ಯುತ್ತು, ಭಾರೀ ಕೈಗಾರಿಕೆಗಳು ಹೆಚ್ಚಾಗಿ ಉತ್ತರದಲ್ಲಿದ್ದವು. ಆದರೂ 1990ರ ದಶಕದಲ್ಲಿ ಕ್ಷಾಮದಿಂದ ಲಕ್ಷಾಂತರ ಜನ ಸತ್ತದ್ದು ಉತ್ತರದಲ್ಲಿಯೇ. ಪ್ರಶ್ನಿಸುವ ಹಕ್ಕಿಲ್ಲದ ಕಡೆ ಹಸಿವಿಗೂ ಬಾಯಿಲ್ಲ. ದಕ್ಷಿಣವೂ ನಿರ್ದೋಷಿಯಲ್ಲ: 1987ರವರೆಗೆ ಬಹುಕಾಲ ಸೈನ್ಯದ ಬಲದ ಆಳ್ವಿಕೆ, 1997ರಲ್ಲಿ ದೊಡ್ಡ ಕಂಪೆನಿಗಳ ಮಿತಿಮೀರಿದ ಸಾಲದಿಂದ ಒದಗಿದ ಸಂಕಟ. ಆಗ ಸಾಮಾನ್ಯ ಜನರು ಮದುವೆಯ ಉಂಗುರಗಳನ್ನೂ ತಂದು, ಸುಮಾರು 227 ಟನ್ ಚಿನ್ನವನ್ನು ದೇಶಕ್ಕೆ ಒಪ್ಪಿಸಿದರು. ಕೆಲವರ ಪರಿಗ್ರಹ ತಂದ ಕೇಡಿಗೆ ಅನೇಕರ ತ್ಯಾಗ ಮದ್ದಾಯಿತು.

ಆಡಳಿತಪದ್ಧತಿ ಮುಖ್ಯವೇ, ಆದರೆ ಅದೊಂದೇ ಸಾಲದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯವ್ರತದ ಅತಿಚಾರಗಳನ್ನು ಹೇಳುವಾಗ ಕಳ್ಳತೂಕದೊಡನೆ ‘ವಿರುದ್ಧರಾಜ್ಯಾತಿಕ್ರಮ’ವನ್ನೂ ಎಣಿಸಿದ್ದಾರೆ. ರಾಜ್ಯಗಳ ವಿರೋಧದ ಸಂದಿಯಲ್ಲಿ ಕಟ್ಟಳೆ ಮೀರಿ ಲಾಭ ಪಡೆಯುವುದೂ ಕಳ್ಳತನವೇ. ಗಡಿಯ ಯಾವ ಬದಿಯಲ್ಲಿದ್ದರೂ ಶ್ರಾವಕನ ತಕ್ಕಡಿ ಒಂದೇ.

ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಾಮಫಲಕಗಳು ಬದಲಾಗುತ್ತವೆ, ಎರಡಾಣೆ ಕೊಟ್ಟವನ ನಂಬಿಕೆಯ ಋಣ ಬದಲಾಗದು. ಬಸದಿಯ ಹುಂಡಿಗೆ ಬೀಳುವ ನಾಣ್ಯವೂ ಅಂತಹುದೇ. ಅದರ ಲೆಕ್ಕವನ್ನು ವರ್ಷಕ್ಕೊಮ್ಮೆ ಸಮಾಜದ ಮುಂದೆ ಓದುವುದು ಕಾನೂನಿನ ಭಯದಿಂದಲ್ಲ, ವ್ರತದ ಭಾಗವಾಗಿ ನಡೆಯಲಿ.