ಕಂಕುಳಿನ ಗ್ರಂಥಿ, ಬಾತ ತೋಳು: ಒಂದು ಶಸ್ತ್ರಕ್ರಿಯೆಯ ಚರಿತ್ರೆ

ಸ್ತನ ಕ್ಯಾನ್ಸರ್‌ಗೆ ಶಸ್ತ್ರಕ್ರಿಯೆಯಾಗಿ ಮನೆಗೆ ಮರಳಿದ ಮಹಿಳೆಯನ್ನು ನೋಡಲು ಬಂದವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: “ಗಡ್ಡೆ ಪೂರ್ತಿ ತೆಗೆದರಾ?” ಹೌದೆಂದರೆ ಎಲ್ಲರಿಗೂ ಸಮಾಧಾನ. ಆದರೆ ಕೆಲವು ತಿಂಗಳ ಬಳಿಕ ಆಕೆಯ ಒಂದು ಕೈಯ ಬಳೆ ಬಿಗಿಯಾಗತೊಡಗಿದರೆ, ಕುಪ್ಪಸದ ಒಂದು ತೋಳು ಮಾತ್ರ ಏರದಿದ್ದರೆ, ಕೇಳುವವರಿಲ್ಲ. ಆಕೆಯೂ ಹೇಳುವುದಿಲ್ಲ. ಜೀವ ಉಳಿಯಿತಲ್ಲ, ಇನ್ನೇನು ಬೇಕು ಎಂದು ಸೆರಗಿನ ಅಥವಾ ಬುರ್ಖಾದ ಮರೆಯಲ್ಲಿ ತೋಳನ್ನು ಅಡಗಿಸಿಕೊಳ್ಳುತ್ತಾಳೆ. ಈ ಮೌನಕ್ಕೆ ಒಂದು ದೀರ್ಘ ಚರಿತ್ರೆಯಿದೆ.

ನಮ್ಮ ದೇಹದಲ್ಲಿ ರಕ್ತನಾಳಗಳಂತೆಯೇ ದುಗ್ಧರಸದ ನಾಳಗಳೂ ಇವೆ. ಅಂಗಾಂಶಗಳಲ್ಲಿ ಉಳಿದ ದ್ರವವನ್ನು ಅವು ಮರಳಿ ರಕ್ತಕ್ಕೆ ಒಯ್ಯುತ್ತವೆ. ದಾರಿಯಲ್ಲಿ ಅಲ್ಲಲ್ಲಿ ಸೋಸುವ ಪುಟ್ಟ ಗ್ರಂಥಿಗಳಿವೆ. ಒಂದು ಕಂಕುಳಿನಲ್ಲೇ ಸುಮಾರು ಇಪ್ಪತ್ತರಿಂದ ಮೂವತ್ತು ಗ್ರಂಥಿಗಳಿರುತ್ತವೆ. ಸ್ತನದ ಕ್ಯಾನ್ಸರ್ ಹರಡುವಾಗ ಹೆಚ್ಚಾಗಿ ಮೊದಲು ತಲುಪುವುದು ಇಲ್ಲಿಗೆ. ತೋಳಿನ ದ್ರವ ಹರಿದು ಹೋಗುವುದೂ ಇದೇ ದಾರಿಯಲ್ಲಿ. ಸಮಸ್ಯೆಯ ಮೂಲ ಇರುವುದೇ ಇಲ್ಲಿ.

ಸುಮಾರು ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕುರ್ತುಬಾದಲ್ಲಿ ಬಾಳಿದ ಅಬುಲ್ ಕಾಸಿಂ ಅಝ್ಝಹ್ರಾವಿಯವರು ತಮ್ಮ ‘ಅತ್ತಸ್‌ರೀಫ್’ ಎಂಬ ಮೂವತ್ತು ಭಾಗಗಳ ಗ್ರಂಥದಲ್ಲಿ ಸ್ತನದ ಕ್ಯಾನ್ಸರ್ ಬಗ್ಗೆ ಬರೆದಿದ್ದಾರೆ. ಗಡ್ಡೆ ಸಣ್ಣದಿದ್ದು ಆರಂಭದ ಹಂತದಲ್ಲಿದ್ದರೆ ಪೂರ್ತಿ ತೆಗೆಯಬಹುದು. ಹಳೆಯದಾಗಿ ದೊಡ್ಡದಾಗಿದ್ದರೆ ಮುಟ್ಟಬಾರದು. ಅಂಥವರನ್ನು ತಾನೂ ಗುಣಪಡಿಸಿಲ್ಲ, ಬೇರೆಯವರು ಗುಣಪಡಿಸಿದ್ದನ್ನೂ ಕಂಡಿಲ್ಲ ಎಂದು ಅವರು ಒಪ್ಪಿಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆಯ ಉಪಕರಣಗಳ ಚಿತ್ರಗಳನ್ನೇ ಬರೆದುಕೊಟ್ಟ ಮಹಾನ್ ವೈದ್ಯನೊಬ್ಬ ತನ್ನ ಕೈಯ ಮಿತಿಯನ್ನು ಹೀಗೆ ದಾಖಲಿಸಿದ್ದು ಸಣ್ಣ ಮಾತಲ್ಲ.

19ನೇ ಶತಮಾನದಲ್ಲಿ ಅರಿವಳಿಕೆ ಬಂತು, ಕ್ರಿಮಿನಾಶಕ ಬಂತು. ಮಿತಿಗಳು ಸರಿದವು. ಕ್ರಿಮಿನಾಶಕ ವಿಧಾನದ ಪ್ರವರ್ತಕ ಜೋಸೆಫ್ ಲಿಸ್ಟರ್ 1867ರಲ್ಲಿ ಸ್ವಂತ ಸಹೋದರಿಗೆ ಸ್ತನ ಮತ್ತು ಕಂಕುಳಿನ ಶಸ್ತ್ರಕ್ರಿಯೆ ಮಾಡಿದರು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಇನ್ನೂ ಮುಂದೆ ಹೋದರು. ಸ್ತನ, ಅದರಡಿಯ ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಾಗಿ ತೆಗೆಯುವುದು ಅವರ ವಿಧಾನ. 1894ರಲ್ಲಿ ಅವರು 50 ಮಂದಿಯ ವಿವರ ಪ್ರಕಟಿಸಿದರು. ಶಸ್ತ್ರಕ್ರಿಯೆ ನಡೆದ ಜಾಗದಲ್ಲೇ ರೋಗ ಮರುಕಳಿಸಿದ್ದು 3 ಮಂದಿಯಲ್ಲಿ ಮಾತ್ರ ಎಂಬುದು ಆ ಕಾಲಕ್ಕೆ ಅಚ್ಚರಿಯ ಸಾಧನೆ. ಮುಂದಿನ ಸುಮಾರು ಮುಕ್ಕಾಲು ಶತಮಾನ ಜಗತ್ತಿನ ಹೆಚ್ಚಿನ ಶಸ್ತ್ರಚಿಕಿತ್ಸಕರು ಅದೇ ಹಾದಿ ಹಿಡಿದರು.

ಆದರೆ ಬದುಕಿ ಉಳಿದ ಮಹಿಳೆಯರ ತೋಳುಗಳು ಬಾತುಕೊಳ್ಳುತ್ತಿದ್ದವು. 1921ರಲ್ಲಿ, ತಾವು ತೀರಿಕೊಳ್ಳುವ ಒಂದು ವರ್ಷ ಮೊದಲು, ಹಾಲ್‌ಸ್ಟೆಡ್ ಈ ಬಗ್ಗೆ ಒಂದು ಲೇಖನ ಬರೆದರು. ಅವರು ಅದಕ್ಕೆ ಕೊಟ್ಟ ಹೆಸರಿನ ಅರ್ಥ ‘ಶಸ್ತ್ರಕ್ರಿಯೆಯಿಂದಾದ ಆನೆಕಾಲು’. ಆನೆಕಾಲು ಎಂದರೇನೆಂದು ನಮ್ಮ ಕರಾವಳಿಯ ಜನರಿಗೆ ವಿವರಿಸಬೇಕಿಲ್ಲ. ಅಲ್ಲಿ ಸೊಳ್ಳೆಯಿಂದ ಬಂದ ಹುಳು ದುಗ್ಧನಾಳವನ್ನು ಕೆಡಿಸುತ್ತದೆ, ಇಲ್ಲಿ ವೈದ್ಯರ ಕತ್ತಿ ದಾರಿಯನ್ನು ಕಡಿಯುತ್ತದೆ. ಬಾವು ಒಂದೇ.

ಇಷ್ಟೆಲ್ಲ ತೆಗೆಯುವುದು ನಿಜಕ್ಕೂ ಅಗತ್ಯವೇ? ಈ ಪ್ರಶ್ನೆ ಕೇಳುವುದಕ್ಕೇ ಧೈರ್ಯ ಬೇಕಿತ್ತು. ಅಮೆರಿಕದ ಬರ್ನಾರ್ಡ್ ಫಿಶರ್ ನೇತೃತ್ವದಲ್ಲಿ 1971ರಲ್ಲಿ ಆರಂಭವಾದ ಅಧ್ಯಯನದಲ್ಲಿ 1,600ಕ್ಕೂ ಹೆಚ್ಚು ಮಹಿಳೆಯರು ಭಾಗವಹಿಸಿದರು. ಕಂಕುಳಿನಲ್ಲಿ ಗಂಟು ಕೈಗೆ ತಾಕದವರಲ್ಲಿ ಕೆಲವರಿಗೆ ಹಾಲ್‌ಸ್ಟೆಡ್ ವಿಧಾನ ಅನುಸರಿಸಲಾಯಿತು. ಕೆಲವರಿಗೆ ಸ್ತನ ಮಾತ್ರ ತೆಗೆದು ಗ್ರಂಥಿಗಳನ್ನು ಬಿಡಲಾಯಿತು. 25 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಬದುಕುಳಿಯುವ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸವೇ ಇರಲಿಲ್ಲ!

ಈ ನಡುವೆ ಹೊಸ ಉಪಾಯವೊಂದು ಬಂದಿತ್ತು. 1992ರಲ್ಲಿ ಡೊನಾಲ್ಡ್ ಮಾರ್ಟನ್ ಚರ್ಮದ ಕ್ಯಾನ್ಸರ್‌ನಲ್ಲಿ, 1994ರಲ್ಲಿ ಅರ್ಮಾಂಡೊ ಜ್ಯುಲಿಯಾನೊ ಸ್ತನದ ಕ್ಯಾನ್ಸರ್‌ನಲ್ಲಿ ನೀಲಿ ಬಣ್ಣದ ದ್ರವ ಚುಚ್ಚಿ, ಅದು ಮೊದಲು ತಲುಪುವ ‘ಕಾವಲು ಗ್ರಂಥಿ’ಯನ್ನು ಗುರುತಿಸಿದರು. ಅದನ್ನಷ್ಟೇ ತೆಗೆದು ಪರೀಕ್ಷಿಸಿ, ರೋಗ ಇಲ್ಲವೆಂದಾದರೆ ಉಳಿದವನ್ನು ಬಿಡಬಹುದು. ಕಂಕುಳಿನ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಸುಮಾರು ಐವರಿಗೆ ಒಬ್ಬರಂತೆ ತೋಳು ಬಾತರೆ, ಕಾವಲು ಗ್ರಂಥಿ ಮಾತ್ರ ತೆಗೆದಾಗ ಅದು ನೂರಕ್ಕೆ ಐದಾರು ಮಂದಿಗೆ ಇಳಿಯುತ್ತದೆ ಎಂದು 2013ರ ಒಂದು ಸಮಗ್ರ ವಿಶ್ಲೇಷಣೆ ಹೇಳಿತು. ಆದರೂ ರೋಗದ ಹಂತ ನೋಡಿ ಎಲ್ಲ ಗ್ರಂಥಿಗಳನ್ನೂ ತೆಗೆಯಲೇಬೇಕಾದ ಸಂದರ್ಭಗಳು ಇಂದಿಗೂ ಇವೆ.

ತೆಗೆದ ಮೇಲೆ ಏನಾಗುತ್ತದೆ? ಕೆಲದಿನ ದ್ರವ ಹೊರಹೋಗಲು ಕೊಳವೆ ಇಟ್ಟಿರುತ್ತಾರೆ. ಅದನ್ನು ತೆಗೆದ ಮೇಲೂ ಕೆಲವರಿಗೆ ಗಾಯದಡಿ ನೀರು ತುಂಬುತ್ತದೆ. ತೋಳಿನ ಒಳಬದಿ ಜೋಮು ಹಿಡಿದಂತಿರುತ್ತದೆ, ಭುಜ ಬಿಗಿಯುತ್ತದೆ. ಬಾವು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಬಳಿಕವೂ ಬರಬಹುದು. ತೋಳು ಭಾರವೆನಿಸುವುದು, ಉಂಗುರ ಬಿಗಿಯಾಗುವುದು ಮೊದಲ ಸೂಚನೆ. ಆಗಲೇ ಹೇಳಿಕೊಂಡರೆ ಒತ್ತುಪಟ್ಟಿ, ವ್ಯಾಯಾಮ, ಚರ್ಮದ ಆರೈಕೆ, ಹಗುರ ನೀವಿಕೆಯಿಂದ ಹತೋಟಿಗೆ ತರುವುದು ಸುಲಭ. ತೋಳು ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ ಅದು ಸೋಂಕು. ತಡಮಾಡದೆ ವೈದ್ಯರನ್ನು ಕಾಣಬೇಕು.

ಆ ಕೈಯಲ್ಲಿ ಏನನ್ನೂ ಎತ್ತಬಾರದು ಎಂಬ ಹಳೆಯ ಉಪದೇಶವೂ ಈಗ ಬದಲಾಗಿದೆ. ತೋಳು ಬಾತಿದ್ದ 141 ಮಹಿಳೆಯರ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿಯೊಂದಿಗೆ ನಿಧಾನವಾಗಿ ಭಾರ ಎತ್ತಿದವರಿಗೆ ಬಾವು ಹೆಚ್ಚಲಿಲ್ಲ. ಅದು ಉಲ್ಬಣಿಸುವ ಸಂದರ್ಭಗಳು ಕಡಿಮೆಯಾದವು.

ನಿಂತು ನಮಾಝ್ ಮಾಡಲಾಗದವರು ಕುಳಿತು, ಕುಳಿತುಕೊಳ್ಳಲಾಗದವರು ಮಲಗಿ ಮಾಡಬಹುದೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ದೇಹದ ಕಷ್ಟವನ್ನು ಅಡಗಿಸಿಕೊಂಡು ಸಹಿಸುವುದೇ ಸಹನೆ ಎಂದು ಧರ್ಮ ಹೇಳಿಲ್ಲ. ವೈದ್ಯರು ಹೆಚ್ಚು ಹೆಚ್ಚು ಕತ್ತರಿಸಲು ಕಲಿತದ್ದು ಕೆಲವೇ ದಶಕಗಳಲ್ಲಿ. ಕಡಿಮೆ ಕತ್ತರಿಸಲು ಕಲಿಯಲು ಒಂದು ಶತಮಾನ ಬೇಕಾಯಿತು. ತಕ್ಬೀರ್‌ಗೆ ಕೈ ಎತ್ತುವಾಗ ತಾಯಿಯ ಮುಖ ಕಿವುಚಿಕೊಂಡರೆ, “ಕೈಗೇನಾಯಿತಮ್ಮಾ?” ಎಂದು ಕೇಳಲು ನಮಗೆ ಅಷ್ಟು ಕಾಲ ಬೇಕಾಗಬಾರದು.